ನಿಯೋಗ ಹೋದದ್ದರಿಂದ ಆದೇಶ ಬಂತೆ?
ಸರ್ಕಾರದ ನಿರ್ಧಾರಗಳ ಮೇಲೆ ಸಂಘಟಿತರ ಪ್ರಭಾವವನ್ನು ಅಳೆಯುವ ಬಗೆ



ಸಂಘದ ವಾರ್ಷಿಕ ಮಹಾಸಭೆಯಲ್ಲಿ ಒಂದಲ್ಲ ಒಂದು ರೂಪದಲ್ಲಿ ಎದ್ದು ಬರುವ ಪ್ರಶ್ನೆಯೊಂದಿದೆ. ಬೆಂಗಳೂರಿಗೂ ದಿಲ್ಲಿಗೂ ನಿಯೋಗ ಹೋಗಿ ಬರುವುದಕ್ಕೆ, ಮನವಿಪತ್ರಗಳನ್ನು ಅಚ್ಚುಹಾಕಿಸುವುದಕ್ಕೆ, ಬೆಳೆಗಾರರ ಒಕ್ಕೂಟಗಳಿಗೆ ವಂತಿಗೆ ಕೊಡುವುದಕ್ಕೆ ಆಗುವ ಖರ್ಚಿನಿಂದ ಸದಸ್ಯನಿಗೆ ದಕ್ಕಿದ್ದೇನು ಎಂಬುದೇ ಆ ಪ್ರಶ್ನೆ. ಕೆಲವರು "ನಿಯೋಗ ಹೋಗದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ" ಎನ್ನುತ್ತಾರೆ. ಇನ್ನು ಕೆಲವರು "ಬರಬೇಕಾದದ್ದು ಹೇಗೂ ಬರುತ್ತಿತ್ತು" ಎನ್ನುತ್ತಾರೆ. ಎರಡೂ ಕಡೆಯವರು ಬಲವಾಗಿ ವಾದಿಸುತ್ತಾರೆ. ಲೆಕ್ಕವನ್ನು ಮಾತ್ರ ಯಾರೂ ಮುಂದಿಡುವುದಿಲ್ಲ.

ಈ ಪ್ರಶ್ನೆಗೆ ಲೆಕ್ಕದ ಮೂಲಕ ಉತ್ತರ ಹುಡುಕುವ ಪ್ರಯತ್ನ ಮುಖ್ಯವಾಗಿ ಅಮೆರಿಕದಲ್ಲಿ ಕಳೆದ ಐವತ್ತು ವರ್ಷಗಳಿಂದ ನಡೆದಿದೆ. ಸಂಘಟಿತ ಹಿತಾಸಕ್ತಿ ಗುಂಪುಗಳು ಸರ್ಕಾರದ ನೀತಿಯನ್ನು ಎಷ್ಟರ ಮಟ್ಟಿಗೆ ಬಾಗಿಸುತ್ತವೆ ಎಂಬುದನ್ನು ಸಂಖ್ಯಾಶಾಸ್ತ್ರದ ಮಾದರಿಗಳಿಂದ ಅಳೆಯುವ ಕೆಲಸ ಅದು. ಅಲ್ಲಿ ದೇಣಿಗೆಯ ಪಟ್ಟಿ, ಮತದಾನದ ದಾಖಲೆ, ಜನಾಭಿಪ್ರಾಯದ ಸಮೀಕ್ಷೆ ಮೂರೂ ಸಾರ್ವಜನಿಕವಾಗಿ ದೊರೆಯುವುದರಿಂದ ಈ ಲೆಕ್ಕ ಸಾಧ್ಯವಾಯಿತು. ಆ ಅಧ್ಯಯನಗಳ ಸಾರವನ್ನೂ ಅವುಗಳ ಮಿತಿಯನ್ನೂ ಸದಸ್ಯರ ಮುಂದೆ ಇಡುವುದು ಈ ಪಾಠದ ಉದ್ದೇಶ. ಗಣಿತವನ್ನು ಕಂಡರೆ ಹೆದರುವವರು ಹೆದರಬೇಕಾಗಿಲ್ಲ. ಕೂಡುವುದು, ಭಾಗಿಸುವುದು ಬಂದರೆ ಸಾಕು.

ಹಾಲಿನ ಬೆಲೆಯ ಪ್ರಕರಣ

ಮೊದಲು ಸಹಕಾರಿಗಳಾದ ನಮಗೆ ತೀರ ಹತ್ತಿರದ ಒಂದು ಉದಾಹರಣೆ. 1971ರ ಮಾರ್ಚ್ 12ರಂದು ಅಮೆರಿಕದ ಕೃಷಿ ಕಾರ್ಯದರ್ಶಿ ಕ್ಲಿಫರ್ಡ್ ಹಾರ್ಡಿನ್ ಅವರು ಹಾಲಿನ ಬೆಂಬಲ ಬೆಲೆಯನ್ನು ಆ ವರ್ಷ ಏರಿಸುವುದಿಲ್ಲವೆಂದೂ ನೂರು ಪೌಂಡಿಗೆ 4.66 ಡಾಲರಿನಲ್ಲೇ ಉಳಿಸುವುದಾಗಿಯೂ ಪ್ರಕಟಿಸಿದರು. ಮಾರ್ಚ್ 23ರಂದು ಹಾಲು ಉತ್ಪಾದಕರ ಸಹಕಾರ ಸಂಸ್ಥೆಗಳ ಮುಖಂಡರು ಅಧ್ಯಕ್ಷ ನಿಕ್ಸನ್ ಅವರನ್ನು ಶ್ವೇತಭವನದಲ್ಲಿ ಕಂಡರು. ಮಾರ್ಚ್ 25ರಂದು ಬೆಲೆಯನ್ನು 4.93 ಡಾಲರಿಗೆ ಏರಿಸಿದ ಆದೇಶ ಹೊರಬಿತ್ತು. ಹದಿಮೂರು ದಿನಗಳಲ್ಲಿ ಸರ್ಕಾರ ತನ್ನ ಮಾತನ್ನು ತಾನೇ ತಿರುವಿಹಾಕಿತು.

ಆ ಮುಖಂಡರಲ್ಲಿ ಪ್ರಮುಖರಾದವರು ಅಸೋಸಿಯೇಟೆಡ್ ಮಿಲ್ಕ್ ಪ್ರೊಡ್ಯೂಸರ್ಸ್ ಎಂಬ ದೊಡ್ಡ ಸಹಕಾರ ಸಂಸ್ಥೆಯವರು. ಅಧ್ಯಕ್ಷರ ಮರುಚುನಾವಣೆಗೆ ಇಪ್ಪತ್ತು ಲಕ್ಷ ಡಾಲರ್ ಕೊಡುವ ಭರವಸೆ ಹಾಲಿನ ವಲಯದಿಂದ ಹೋಗಿತ್ತೆಂಬುದು ವಾಟರ್‌ಗೇಟ್ ತನಿಖೆಯ ಕಾಲದಲ್ಲಿ ದೊಡ್ಡ ವಿವಾದವಾಯಿತು. 1974ರಲ್ಲಿ ಆ ಸಂಸ್ಥೆ ಕಾನೂನುಬಾಹಿರ ರಾಜಕೀಯ ದೇಣಿಗೆಗಾಗಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಹಾಲಿನ ಹಣ ಪಡೆದ ಆರೋಪ ಹೊತ್ತಿದ್ದ ಮಾಜಿ ಖಜಾನೆ ಕಾರ್ಯದರ್ಶಿ ಜಾನ್ ಕಾನಲಿ ಅವರನ್ನು 1975ರಲ್ಲಿ ನ್ಯಾಯಾಲಯ ನಿರ್ದೋಷಿಯೆಂದು ಬಿಡುಗಡೆ ಮಾಡಿತು.

ಇಷ್ಟನ್ನು ಓದಿದವರು "ಹಣ ಕೊಟ್ಟರು, ಬೆಲೆ ಏರಿತು, ಇದರಲ್ಲಿ ಅಳೆಯುವುದೇನಿದೆ?" ಎನ್ನಬಹುದು. ಆದರೆ 1974ರ ಜನವರಿಯಲ್ಲಿ ಶ್ವೇತಭವನ ಹೊರಡಿಸಿದ ಹೇಳಿಕೆಯ ವಾದ ಬೇರೆಯೇ ಆಗಿತ್ತು. ಬೆಲೆ ಏರಿಸಬೇಕೆಂಬ ಮಸೂದೆಗಳಿಗೆ ಪ್ರತಿನಿಧಿಸಭೆಯ ನೂರಕ್ಕೂ ಹೆಚ್ಚು ಸದಸ್ಯರು ಆಗಲೇ ಸಹಿ ಹಾಕಿದ್ದರು. ಸಂಸತ್ತು ಹೇಗೂ ಏರಿಸಲಿತ್ತು. ಅಧ್ಯಕ್ಷರು ಅದಕ್ಕೆ ಮುಂಚೆಯೇ ಮಣಿದರು, ಅಷ್ಟೆ - ಎಂದು. ಹಾಲು ಕರೆಯುವ ರಾಜ್ಯಗಳಲ್ಲಿ ಮತದಾರರೂ ಬಹಳ ಮಂದಿ. ಹಾಗಾದರೆ ಬೆಲೆಯನ್ನು ಏರಿಸಿದ್ದು ಹಣವೆ, ಮತವೆ, ಅಥವಾ ಸಂಸತ್ತಿನ ಒತ್ತಡವೆ? ಮೂರೂ ಒಂದೇ ಕಡೆಗೆ ತಳ್ಳುತ್ತಿದ್ದಾಗ ಯಾವ ಕೈ ಎಷ್ಟು ತಳ್ಳಿತೆಂದು ಒಂದೇ ಪ್ರಕರಣದಿಂದ ಹೇಳಲು ಸಾಧ್ಯವಿಲ್ಲ. ಅದು ನ್ಯಾಯಾಲಯಕ್ಕೂ ಕಷ್ಟ, ಪತ್ರಿಕೆಗಳಿಗೂ ಕಷ್ಟ. ಅನೇಕ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡುವ ಸಂಖ್ಯಾಶಾಸ್ತ್ರದ ಕೆಲಸ ಇಲ್ಲಿಂದ ಪ್ರಾರಂಭವಾಗುತ್ತದೆ.

ತೋಟದ ಭಾಷೆಯಲ್ಲಿ ಹೇಳುವುದಾದರೆ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದವರು ಕೋಲ್ಮನ್ ಅವರು. ಒಬ್ಬ ಬೆಳೆಗಾರ ದ್ರಾವಣ ಹೊಡೆಸಿದ, ಅವನ ತೋಟದಲ್ಲಿ ಕೊಳೆ ಬರಲಿಲ್ಲ ಎನ್ನೋಣ. ಅದು ದ್ರಾವಣದ ಫಲವೋ, ಆ ವರ್ಷ ಮಳೆ ಬಿಡುವು ಕೊಟ್ಟದ್ದರ ಫಲವೋ, ಅಥವಾ ಬಸಿಗಾಲುವೆ ತೆಗೆದು ತೋಟವನ್ನು ಚೊಕ್ಕಟವಾಗಿ ಇಟ್ಟಿದ್ದರ ಫಲವೋ? ದ್ರಾವಣ ಹೊಡೆಸುವವನು ಸಾಮಾನ್ಯವಾಗಿ ತೋಟವನ್ನೂ ಚೆನ್ನಾಗಿ ನೋಡಿಕೊಳ್ಳುವವನೇ ಆಗಿರುತ್ತಾನೆ. ಆದ್ದರಿಂದ ಹೊಡೆಸಿದವರ ತೋಟವನ್ನಷ್ಟೇ ನೋಡಿದರೆ ನಮಗೆ ತಿಳಿಯುವುದು ಸ್ವಲ್ಪ. ಹೊಡೆಸದವರ ತೋಟವನ್ನೂ ನೋಡಬೇಕು. ಒಂದೇ ಮಳೆ, ಒಂದೇ ಮಣ್ಣಿನ ತೋಟಗಳನ್ನು ಜೋಡಿಜೋಡಿಯಾಗಿ ಹೋಲಿಸಬೇಕು. ಎಲ್ಲಕ್ಕಿಂತ ಒಳ್ಳೆಯದೆಂದರೆ ಚೀಟಿ ಎತ್ತಿ ಕೆಲವು ಸಾಲುಗಳಿಗೆ ಹೊಡೆಸಿ, ಕೆಲವನ್ನು ಹಾಗೆಯೇ ಬಿಡುವುದು.

ನಿಯೋಗದ ವಿಷಯವೂ ಹೀಗೆಯೇ. ಸಂಘಗಳು ಯಾವಾಗ ನಿಯೋಗ ಒಯ್ಯುತ್ತವೆ? ಬೆಲೆ ಕುಸಿದು ಬೆಳೆಗಾರರ ಕೂಗು ಎದ್ದಾಗ. ಸರ್ಕಾರ ಯಾವಾಗ ಮಣಿಯುತ್ತದೆ? ಅದೇ ಕೂಗು ಎದ್ದಾಗ. ಹಾಗಿರುವಾಗ ಮಣಿದದ್ದು ನಿಯೋಗಕ್ಕೋ ಕೂಗಿಗೋ?

ಲೆಕ್ಕಕ್ಕಾಗಿ ಒಂದು ಕಲ್ಪಿತ ಪಟ್ಟಿಯನ್ನು ಮಾಡೋಣ. ಒಂದು ಸಂಘ ಹಲವು ವರ್ಷಗಳಲ್ಲಿ ಸರ್ಕಾರಕ್ಕೆ 40 ಬೇಡಿಕೆಗಳನ್ನು ಸಲ್ಲಿಸಿದೆ. ಅವುಗಳಲ್ಲಿ 20ಕ್ಕೆ ನಿಯೋಗ ಹೋಗಿದೆ, 20ಕ್ಕೆ ಅಂಚೆಯಲ್ಲಿ ಮನವಿ ಮಾತ್ರ ಹೋಗಿದೆ. ನಿಯೋಗ ಹೋದ 20ರಲ್ಲಿ 10 ಈಡೇರಿವೆ. ಹೋಗದ 20ರಲ್ಲಿ 6 ಈಡೇರಿವೆ. ನೂರಕ್ಕೆ 50ರ ಎದುರು ನೂರಕ್ಕೆ 30. ನಿಯೋಗ ಗೆದ್ದಿತೆಂದು ಕಾರ್ಯದರ್ಶಿ ವರದಿ ಬರೆಯುತ್ತಾನೆ.

ಈಗ ಅದೇ ಪಟ್ಟಿಯನ್ನು ಬೆಲೆ ಕುಸಿದ ವರ್ಷ, ಸಾಧಾರಣ ವರ್ಷ ಎಂದು ಎರಡು ಭಾಗ ಮಾಡೋಣ. ಬೆಲೆ ಕುಸಿದ ವರ್ಷಗಳಲ್ಲಿ 15 ಬೇಡಿಕೆಗಳಿಗೆ ನಿಯೋಗ ಹೋಗಿ 9 ಈಡೇರಿವೆ. 5ಕ್ಕೆ ಹೋಗದೆ 3 ಈಡೇರಿವೆ. ಎರಡೂ ನೂರಕ್ಕೆ 60. ಸಾಧಾರಣ ವರ್ಷಗಳಲ್ಲಿ 5ಕ್ಕೆ ನಿಯೋಗ ಹೋಗಿ 1 ಈಡೇರಿದೆ. 15ಕ್ಕೆ ಹೋಗದೆ 3 ಈಡೇರಿವೆ. ಎರಡೂ ನೂರಕ್ಕೆ 20. ಅಂದರೆ ಈ ಕಲ್ಪಿತ ಸಂಘದಲ್ಲಿ ನಿಯೋಗದಿಂದ ಎಳ್ಳಷ್ಟೂ ವ್ಯತ್ಯಾಸವಾಗಿಲ್ಲ! ವ್ಯತ್ಯಾಸ ಮಾಡಿದ್ದು ಬೆಲೆಕುಸಿತ. ನಿಯೋಗ ಹೆಚ್ಚಾಗಿ ಆ ವರ್ಷಗಳಲ್ಲೇ ಹೋಗಿದ್ದರಿಂದ ಕೀರ್ತಿ ಅದಕ್ಕೆ ಸಂದಿತು. ಸದಸ್ಯರು ಈ ಸಣ್ಣ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕೆಂದು ಕೋರುತ್ತೇವೆ. ಮುಂದಿನದೆಲ್ಲ ಇದರದೇ ವಿಸ್ತಾರ.

ಸಮೀಕರಣದ ಕೆಲಸ

ಪಟ್ಟಿಯನ್ನು ಎರಡು ಭಾಗ ಮಾಡುವುದು ಸುಲಭ. ಆದರೆ ಬೆಲೆಯ ಜೊತೆಗೆ ಚುನಾವಣೆಯ ವರ್ಷ, ಆಳುವ ಪಕ್ಷ, ಜನರ ಅಭಿಪ್ರಾಯ, ಎದುರಾಳಿ ಗುಂಪಿನ ಬಲ ಇವೆಲ್ಲವನ್ನೂ ಸೇರಿಸಿ ಭಾಗಿಸುತ್ತ ಹೋದರೆ ಒಂದೊಂದು ಕೋಣೆಯಲ್ಲಿ ಒಂದೆರಡು ಪ್ರಕರಣ ಮಾತ್ರ ಉಳಿಯುತ್ತವೆ. ಅದಕ್ಕಾಗಿ ರಿಗ್ರೆಶನ್ ಎಂಬ ಸಮೀಕರಣವನ್ನು ಬಳಸುತ್ತಾರೆ. ಫಲಿತಾಂಶವನ್ನು ಒಂದು ಕಡೆ, ಕಾರಣಗಳನ್ನು ಇನ್ನೊಂದು ಕಡೆ ಇಟ್ಟು, ಪ್ರತಿಯೊಂದು ಕಾರಣಕ್ಕೂ ಒಂದು ಗುಣಾಂಕವನ್ನು ಕಂಡುಹಿಡಿಯುವುದು ಇದರ ರೀತಿ. ಉಳಿದ ಕಾರಣಗಳು ಇದ್ದಹಾಗೆ ಇದ್ದು ಇದೊಂದೇ ಬದಲಾದರೆ ಫಲ ಎಷ್ಟು ಬದಲಾಗುತ್ತದೆ ಎಂಬುದನ್ನು ಗುಣಾಂಕ ಹೇಳುತ್ತದೆ. ಗುಣಾಂಕ ಸೊನ್ನೆಗೆ ಹತ್ತಿರವಿದ್ದರೆ ಆ ಕಾರಣಕ್ಕೆ ಸ್ವಂತ ಬಲವಿಲ್ಲವೆಂದು ಅರ್ಥಮಾಡುತ್ತಾರೆ.

ಹಾಲಿನ ವಿಷಯಕ್ಕೇ ಈ ವಿಧಾನವನ್ನು ಅನ್ವಯಿಸಿದ ಅಧ್ಯಯನವೊಂದಿದೆ. ಹಾಲಿನ ಸಹಕಾರಿಗಳ ಸಮಿತಿಗಳು 1974ರ ಚುನಾವಣೆಯಲ್ಲಿ ಕೊಟ್ಟ ದೇಣಿಗೆಯನ್ನೂ 1975ರಲ್ಲಿ ಹಾಲಿನ ಬೆಂಬಲ ಬೆಲೆಯ ಬಗ್ಗೆ ಪ್ರತಿನಿಧಿಸಭೆಯಲ್ಲಿ ನಡೆದ ಮತದಾನವನ್ನೂ ಡಬ್ಲ್ಯು. ಪಿ. ವೆಲ್ಚ್ ಅವರು 1982ರಲ್ಲಿ ಪರಿಶೀಲಿಸಿದರು. ದೇಣಿಗೆ ಪಡೆದವರು ಹಾಲಿನ ಪರವಾಗಿ ಮತ ಹಾಕಿದ್ದು ನಿಜ. ಆದರೆ ಆ ಸದಸ್ಯನ ಕ್ಷೇತ್ರದ ಹಿತ, ಅವನ ಪಕ್ಷ, ಅವನ ವಿಚಾರಧಾರೆ ಇವನ್ನು ಲೆಕ್ಕಕ್ಕೆ ತಂದಮೇಲೆ ಹಣದ ಪ್ರಭಾವ ಅವುಗಳಿಗಿಂತ ಚಿಕ್ಕದಾಗಿ ಕಂಡಿತು. ಹೈನು ಕ್ಷೇತ್ರದಿಂದ ಬಂದ ಪ್ರತಿನಿಧಿ ದೇಣಿಗೆ ಇಲ್ಲದೆಯೂ ಹಾಲಿನ ಪರವೇ ಆಗಿರುತ್ತಾನೆ. ಹಾಗಿರುವವನಿಗೇ ಸಹಕಾರಿಗಳು ದೇಣಿಗೆ ಕೊಡುತ್ತವೆ. ಹಣ ಮತವನ್ನು ತಂದಂತೆಯೇ ಮತವೂ ಹಣವನ್ನು ತರುತ್ತದೆ. ಈ ಎರಡು ದಿಕ್ಕಿನ ಹರಿವನ್ನು ಬಿಡಿಸಲು ಹೆನ್ರಿ ಚಾಪೆಲ್ ಅವರು ಅದೇ ವರ್ಷ ದೇಣಿಗೆಗೊಂದು, ಮತಕ್ಕೊಂದು ಸಮೀಕರಣ ಬರೆದು ಎರಡನ್ನೂ ಒಟ್ಟಿಗೆ ಬಿಡಿಸಿದರು. ಹಾಗೆ ಮಾಡಿದಾಗ ದೇಣಿಗೆಯ ಪ್ರಭಾವ ಇದೆಯೆಂದು ಖಚಿತವಾಗಿ ಹೇಳುವುದು ಇನ್ನೂ ಕಷ್ಟವಾಯಿತು. ಇಂತಹ ಸುಮಾರು ನಲವತ್ತು ಅಧ್ಯಯನಗಳನ್ನು 2003ರಲ್ಲಿ ಸ್ಟೀಫನ್ ಆನ್ಸೊಲಬೆಹೇರ್ ಮತ್ತು ಸಂಗಡಿಗರು ಒಟ್ಟಿಗೆ ನೋಡಿದಾಗ, ನಾಲ್ಕರಲ್ಲಿ ಮೂರು ಪಾಲು ಲೆಕ್ಕಗಳಲ್ಲಿ ದೇಣಿಗೆಗೆ ಗಮನಾರ್ಹ ಪ್ರಭಾವ ಕಾಣಲಿಲ್ಲ, ಇಲ್ಲವೆ ಪ್ರಭಾವ ತಿರುವುಮುರುವಾಗಿ ಕಂಡಿತು.

1,779 ಪ್ರಶ್ನೆಗಳ ಅಧ್ಯಯನ

ಹಾಗಾದರೆ ಸಂಘಟಿತರಿಗೆ ಬಲವೇ ಇಲ್ಲವೆ? ಅವಸರ ಬೇಡ. ಒಂದು ಮತದಾನವನ್ನು ನೋಡುವುದು ಬೇರೆ, ಇಡೀ ನೀತಿಯ ಫಲವನ್ನು ನೋಡುವುದು ಬೇರೆ. ಮಸೂದೆ ಮತಕ್ಕೆ ಬರದಂತೆ ತಡೆಯುವುದೂ ಪ್ರಭಾವವೇ. ಅದು ಮತದಾನದ ಪಟ್ಟಿಯಲ್ಲಿ ಕಾಣುವುದಿಲ್ಲ.

ಈ ಕೊರತೆಯನ್ನು ತುಂಬಿದ್ದು ಮಾರ್ಟಿನ್ ಗಿಲೆನ್ಸ್ ಮತ್ತು ಬೆಂಜಮಿನ್ ಪೇಜ್ ಅವರ 2014ರ ಲೇಖನ. 1981ರಿಂದ 2002ರವರೆಗೆ ಅಮೆರಿಕದ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ "ಸರ್ಕಾರ ಇಂತಹ ಬದಲಾವಣೆ ಮಾಡಬೇಕೆ, ಬೇಡವೆ" ಎಂದು ಕೇಳಿದ್ದ 1,779 ಪ್ರಶ್ನೆಗಳನ್ನು ಅವರು ತೆಗೆದುಕೊಂಡರು. ಪ್ರತಿಯೊಂದಕ್ಕೂ ನಾಲ್ಕು ಸಂಗತಿಗಳನ್ನು ದಾಖಲಿಸಿದರು. ಮೊದಲನೆಯದು, ಮಧ್ಯಮ ಆದಾಯದವನ ಅಭಿಪ್ರಾಯ. ಎರಡನೆಯದು, ನೂರು ಜನರನ್ನು ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ತೊಂಬತ್ತನೆಯ ಸ್ಥಾನದಲ್ಲಿ ನಿಲ್ಲುವ ಸಿರಿವಂತನ ಅಭಿಪ್ರಾಯ. ಮೂರನೆಯದು, ಬಲಿಷ್ಠವೆಂದು ಹೆಸರಾದ 43 ಹಿತಾಸಕ್ತಿ ಗುಂಪುಗಳ ನಿಲುವು. ನಾಲ್ಕನೆಯದು, ಆ ಬದಲಾವಣೆ ಮುಂದಿನ ನಾಲ್ಕು ವರ್ಷಗಳೊಳಗೆ ನಿಜವಾಗಿ ಆಯಿತೆ ಎಂಬುದು. ಆ ಗುಂಪುಗಳಲ್ಲಿ ಅಮೆರಿಕದ ರೈತರ ದೊಡ್ಡ ಸಂಘಟನೆಯಾದ ಫಾರ್ಮ್ ಬ್ಯೂರೋ ಕೂಡ ಇತ್ತು.

ಗುಂಪುಗಳ ನಿಲುವನ್ನು ಒಂದು ಅಂಕೆಯಾಗಿ ಮಾಡಿದ ಬಗೆ ಗಮನಿಸತಕ್ಕದ್ದು. ಬಲವಾಗಿ ಪರವಾಗಿರುವ ಗುಂಪಿಗೆ ಒಂದು, ಸ್ವಲ್ಪ ಪರವಾಗಿರುವ ಗುಂಪಿಗೆ ಅರ್ಧ ಎಂದು ಎಣಿಸಿದರು. ವಿರೋಧಿಗಳನ್ನೂ ಹಾಗೆಯೇ ಎಣಿಸಿದರು. ಎರಡು ಮೊತ್ತಗಳಿಗೂ ಒಂದೊಂದು ಕೂಡಿಸಿ, ಲಾಗರಿದಮ್ ತೆಗೆದು, ಪರದಿಂದ ವಿರೋಧವನ್ನು ಕಳೆದರು. ಲಾಗರಿದಮ್ ಏಕೆಂದರೆ ಮೊದಲನೆಯ ಗುಂಪು ಬಂದು ಸೇರಿದಾಗ ಆಗುವ ವ್ಯತ್ಯಾಸ ಹನ್ನೊಂದನೆಯ ಗುಂಪು ಸೇರಿದಾಗ ಆಗುವುದಿಲ್ಲ. ಗಿಡಕ್ಕೆ ಮೊದಲ ಬುಟ್ಟಿ ಗೊಬ್ಬರ ಹಾಕಿದಾಗಿನ ಫಲ ಹನ್ನೊಂದನೆಯ ಬುಟ್ಟಿಗೆ ಬಾರದಲ್ಲವೆ?

ಫಲಿತಾಂಶ ಹೀಗಿದೆ. ಮಧ್ಯಮ ಆದಾಯದವರ ಅಭಿಪ್ರಾಯವನ್ನು ಒಂಟಿಯಾಗಿ ನೋಡಿದರೆ ನೀತಿಯೊಡನೆ ಅದಕ್ಕೆ ಒಳ್ಳೆಯ ಸಂಬಂಧ ಕಾಣುತ್ತದೆ, ಗುಣಾಂಕ 0.64. ಆದರೆ ಸಿರಿವಂತರ ಅಭಿಪ್ರಾಯವನ್ನೂ ಗುಂಪುಗಳ ನಿಲುವನ್ನೂ ಅದೇ ಸಮೀಕರಣಕ್ಕೆ ಸೇರಿಸಿದಾಗ ಅದು 0.03ಕ್ಕೆ ಇಳಿಯುತ್ತದೆ. ಸಿರಿವಂತರ ಗುಣಾಂಕ 0.76, ಹಿತಾಸಕ್ತಿ ಗುಂಪುಗಳದು 0.56. ನಮ್ಮ ಕಲ್ಪಿತ ಪಟ್ಟಿಯಲ್ಲಿ ನಿಯೋಗಕ್ಕೆ ಆದದ್ದೇ ಇಲ್ಲಿ ಮಧ್ಯಮ ಪ್ರಜೆಗೆ ಆಯಿತು. ಅವನ ಇಷ್ಟವೂ ಸಿರಿವಂತನ ಇಷ್ಟವೂ ಬಹುಪಾಲು ಒಂದೇ ಆಗಿರುವುದರಿಂದ ಅವನಿಗೆ ಬೇಕಾದದ್ದು ಎಷ್ಟೋ ಸಲ ದೊರೆಯುತ್ತದೆ; ಆದರೆ ಅದು ಅವನ ಬಲದಿಂದಲ್ಲ ಎಂಬುದು ಲೇಖಕರ ತೀರ್ಮಾನ.

ಇನ್ನೆರಡು ಅಂಕೆಗಳನ್ನು ಸಹಕಾರಿಗಳು ನೆನಪಿನಲ್ಲಿಡಬೇಕು. ಗುಂಪುಗಳ ಒಟ್ಟು ನಿಲುವಿಗೂ ಮಧ್ಯಮ ಪ್ರಜೆಯ ಅಭಿಪ್ರಾಯಕ್ಕೂ ಇರುವ ಸಹಸಂಬಂಧ ಬರೀ 0.04. ಸಂಘಟಿತರು ಕೇಳುವುದಕ್ಕೂ ಸಾಮಾನ್ಯರು ಬಯಸುವುದಕ್ಕೂ ಹೆಚ್ಚುಕಡಿಮೆ ಸಂಬಂಧವೇ ಇಲ್ಲ. ಅದರಲ್ಲಿಯೂ ಜನಸಾಮಾನ್ಯರ ಸದಸ್ಯತ್ವದ ಮೇಲೆ ನಿಂತ ಗುಂಪುಗಳನ್ನು ಬೇರೆ ಮಾಡಿದರೆ ಸಂಬಂಧ ಸ್ವಲ್ಪ ಏರಿ 0.12 ಆಗುತ್ತದೆ, ವ್ಯಾಪಾರ, ಉದ್ಯಮದ ಗುಂಪುಗಳದು ಸೊನ್ನೆಗಿಂತ ಕೆಳಗೆ ಹೋಗಿ ಋಣ 0.10 ಆಗುತ್ತದೆ. ಎರಡನೆಯದು, ಯಥಾಸ್ಥಿತಿಯ ಬಲ. ನೂರಕ್ಕೆ 80 ಜನ ಬೇಕೆಂದ ಬದಲಾವಣೆಗಳಲ್ಲಿಯೂ ನೂರಕ್ಕೆ ಸುಮಾರು 43 ಮಾತ್ರ ಜಾರಿಗೆ ಬಂದವು.

ಆಕ್ಷೇಪಗಳು

ಈ ಲೇಖನ ಬಂದೊಡನೆ ಅಮೆರಿಕ ಪ್ರಜಾಪ್ರಭುತ್ವವಲ್ಲ, ಧನಿಕಪ್ರಭುತ್ವ ಎಂದು ಪತ್ರಿಕೆಗಳು ಸಾರಿದವು. ಅಧ್ಯಯನ ಅಷ್ಟನ್ನು ಹೇಳುವುದಿಲ್ಲ. ಅದೇ ವಿಷಯದ ವಿದ್ವಾಂಸರು ಎತ್ತಿದ ಆಕ್ಷೇಪಗಳನ್ನೂ ಕೇಳಬೇಕು.

ಒಂದು, ಮಧ್ಯಮ ವರ್ಗದ ಮತ್ತು ಸಿರಿವಂತರ ಅಭಿಪ್ರಾಯಗಳ ನಡುವಿನ ಸಹಸಂಬಂಧ 0.78. ಎರಡು ಕಾರಣಗಳು ಹೀಗೆ ಹೆಣೆದುಕೊಂಡಿರುವಾಗ ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಕಷ್ಟ. ಮರದ ನೆರಳು ಹೆಚ್ಚಿದ್ದಲ್ಲೆಲ್ಲ ತೇವವೂ ಹೆಚ್ಚಿದ್ದರೆ ಕಾಫಿ ಗಿಡಕ್ಕೆ ಹಿಡಿಸಿದ್ದು ಯಾವುದು? ಓಮರ್ ಬಶೀರ್ ಅವರು 2015ರಲ್ಲಿ ಮುಂದಿಟ್ಟ ಟೀಕೆಯಲ್ಲಿ ಇದೂ ಒಂದು.

ಎರಡು, 1,779 ಪ್ರಶ್ನೆಗಳಲ್ಲಿ ಬಹುಮತದ ಲೆಕ್ಕದಿಂದ ನೋಡಿದರೆ ಸುಮಾರು ನೂರಕ್ಕೆ 90ರಲ್ಲಿ ಎರಡೂ ವರ್ಗದವರು ಒಂದೇ ಕಡೆ ಇದ್ದಾರೆ. ನಿಜವಾಗಿ ಎದುರುಬದುರಾದದ್ದು 185ರಲ್ಲಿ ಮಾತ್ರ. ಅವುಗಳಲ್ಲಿ ಸಿರಿವಂತರು ಗೆದ್ದದ್ದು ನೂರಕ್ಕೆ 53, ಮಧ್ಯಮ ವರ್ಗ ಗೆದ್ದದ್ದು ನೂರಕ್ಕೆ 47 ಎಂದು ಬ್ರಾನಮ್, ಸೊರೋಕಾ, ವ್ಲೆಜಿಯೆನ್ ಅವರು 2017ರಲ್ಲಿ ತೋರಿಸಿದರು. ಇದು ಪೂರ್ತಿ ಏಕಪಕ್ಷೀಯ ಆಟವಲ್ಲ.

ಮೂರು, ಇಡೀ ಮಾದರಿ ವಿವರಿಸುವುದು ಫಲಿತಾಂಶಗಳ ಏರಿಳಿತದಲ್ಲಿ ನೂರಕ್ಕೆ ಏಳು ಪಾಲಿನಷ್ಟನ್ನು ಮಾತ್ರ. ಉಳಿದ ತೊಂಬತ್ತಮೂರು ಪಾಲು ಸಮೀಕರಣದ ಹೊರಗಿದೆ. ಸಾವಿರಾರು ಪ್ರಕರಣಗಳ ಸರಾಸರಿಯ ಬಗ್ಗೆ ಹೇಳಬಲ್ಲ ಈ ಸಮೀಕರಣ ಇಂದು ನಾವು ಒಯ್ಯುವ ಒಂದು ಮನವಿಯ ಭವಿಷ್ಯವನ್ನು ಹೇಳಲಾರದು.

ಹಣದಿಂದ ತೆರೆಯುವುದು ಬಾಗಿಲು

ಚೀಟಿ ಎತ್ತಿ ಕೆಲವು ಸಾಲಿಗೆ ಮಾತ್ರ ದ್ರಾವಣ ಹೊಡೆಸುವ ಪ್ರಯೋಗವನ್ನು ಮೇಲೆ ಹೇಳಿದೆವು. ರಾಜಕೀಯದಲ್ಲಿಯೂ ಅಂತಹುದೊಂದು ಪ್ರಯೋಗ ನಡೆದಿದೆ. ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ ಅವರ 2016ರ ಲೇಖನದಲ್ಲಿ ಅದರ ವರದಿಯಿದೆ. ಒಂದು ಸಂಘಟನೆ ಅಮೆರಿಕದ ಸಂಸತ್ ಸದಸ್ಯರ 191 ಕಚೇರಿಗಳಿಗೆ ಭೇಟಿಗೆ ಸಮಯ ಕೇಳಿ ಪತ್ರ ಬರೆಯಿತು. ಬರುವವರು ನಿಜಕ್ಕೂ ರಾಜಕೀಯ ದೇಣಿಗೆದಾರರೇ. ಆದರೆ ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವು ಕಚೇರಿಗಳಿಗೆ ಮಾತ್ರ "ಇವರು ದೇಣಿಗೆದಾರರು" ಎಂದು ತಿಳಿಸಿ, ಉಳಿದವುಗಳಿಗೆ "ಕ್ಷೇತ್ರದ ನಿವಾಸಿಗಳು" ಎಂದಷ್ಟೇ ತಿಳಿಸಲಾಯಿತು. ದೇಣಿಗೆದಾರರೆಂದು ತಿಳಿದ ಕಡೆ ಸಂಸತ್ ಸದಸ್ಯರಾಗಲಿ ಹಿರಿಯ ಅಧಿಕಾರಿಗಳಾಗಲಿ ಭೇಟಿಗೆ ಸಿಕ್ಕ ಪ್ರಮಾಣ ಮೂರರಿಂದ ನಾಲ್ಕು ಪಟ್ಟು ಹೆಚ್ಚಾಗಿತ್ತು.

ಇಲ್ಲಿ ಮಳೆ ಒಂದೇ, ಮಣ್ಣು ಒಂದೇ. ಬದಲಾದದ್ದು ಒಂದೇ ಮಾತು. ಆದ್ದರಿಂದ ಈ ಫಲವನ್ನು ಅಲ್ಲಗಳೆಯುವುದು ಕಷ್ಟ. ಹಣ ಮತವನ್ನು ಕೊಳ್ಳುತ್ತದೆಂಬುದಕ್ಕೆ ಲೆಕ್ಕದ ಸಾಕ್ಷ್ಯ ತೆಳ್ಳಗಿದೆ. ಹಣ ಬಾಗಿಲನ್ನು ತೆರೆಯುತ್ತದೆಂಬುದಕ್ಕೆ ಗಟ್ಟಿಯಾಗಿದೆ. ಒಳಗೆ ಹೋದವನ ಅಹವಾಲು ಕೇಳಿಸುತ್ತದೆ, ಹೊರಗೆ ನಿಂತವನದು ಕೇಳಿಸುವುದಿಲ್ಲ.

ಹಾಗೆಂದು ಖರ್ಚು ಹೆಚ್ಚು ಮಾಡಿದವನೇ ಗೆಲ್ಲುತ್ತಾನೆಂದು ತಿಳಿಯಬಾರದು. ಫ್ರಾಂಕ್ ಬಾಮ್‌ಗಾರ್ಟ್‌ನರ್ ಮತ್ತು ನಾಲ್ವರು ಸಂಗಡಿಗರು ವಾಷಿಂಗ್ಟನ್ನಿನಲ್ಲಿ ಲಾಬಿ ನಡೆಯುತ್ತಿದ್ದ 98 ವಿಷಯಗಳನ್ನು ಯಾದೃಚ್ಛಿಕವಾಗಿ ಆರಿಸಿ, ಕೊನೆಯತನಕ ಹಿಂಬಾಲಿಸಿ, 2009ರಲ್ಲಿ ಪುಸ್ತಕ ಪ್ರಕಟಿಸಿದರು. ಎರಡು ಪಕ್ಷಗಳ ಹಣಬಲಕ್ಕೂ ಯಾರು ಗೆದ್ದರೆಂಬುದಕ್ಕೂ ಸಂಬಂಧ ಬಹಳ ಕಡಿಮೆ ಎಂದು ಕಂಡಿತು. ಅರ್ಧಕ್ಕಿಂತ ಹೆಚ್ಚು ವಿಷಯಗಳಲ್ಲಿ ಏನೂ ಬದಲಾಗಲಿಲ್ಲ. ಬದಲಾವಣೆ ಬೇಡವೆನ್ನುವವನಿಗೆ ಸುಮ್ಮನೆ ಕುಳಿತರೂ ಅರ್ಧ ಗೆಲುವು.

ನಮ್ಮ ಮನೆಯ ಲೆಕ್ಕ

ಈಗ ನಮ್ಮ ಕಡೆಗೆ ತಿರುಗೋಣ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಕೊಡಬೇಕಾಗಿತ್ತು. 1992ರಲ್ಲಿ ನೂರಕ್ಕೆ 30 ಪಾಲನ್ನು ಒಳನಾಡಿನಲ್ಲಿ ತಾನೇ ಮಾರಿಕೊಳ್ಳಲು ಅನುಮತಿ ಬಂತು. ಅನಂತರ ಮುಕ್ತ ಮಾರಾಟದ ಕೋಟಾ ಬಂತು. 1996ರಲ್ಲಿ ಪೂಲ್ ಪದ್ಧತಿಯೇ ಕೊನೆಗೊಂಡಿತು. ಇದು ಬೆಳೆಗಾರ ಸಂಘಟನೆಗಳ ಹೋರಾಟದ ಫಲವೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಹೋರಾಟ ನಡೆದದ್ದು ನಿಜ. ಆದರೆ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾಗಳು 1989ರ ಜುಲೈನಲ್ಲಿ ಮುರಿದುಬಿದ್ದದ್ದೂ, ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದುಹೋದದ್ದೂ, ಅದೇ ವರ್ಷ ಕೇಂದ್ರ ಸರ್ಕಾರ ಆರ್ಥಿಕ ಉದಾರೀಕರಣವನ್ನು ಕೈಗೊಂಡದ್ದೂ ಅಷ್ಟೇ ನಿಜ. ಅಮೆರಿಕದ ಹಾಲಿನ ಬೆಲೆಯಂತೆ ಇಲ್ಲಿಯೂ ಹಲವು ಕೈಗಳು ಒಂದೇ ಕಡೆಗೆ ತಳ್ಳುತ್ತಿದ್ದವು. ಒಂದೇ ಪ್ರಕರಣವಾದ್ದರಿಂದ ಪಾಲು ಹಂಚುವುದಕ್ಕೆ ಯಾವ ಸಮೀಕರಣವೂ ಒದಗುವುದಿಲ್ಲ.

ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರುವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿದ ಸಂಗತಿಯೂ ಇಂತಹುದೇ. ಆಮದು ರಕ್ಷಣೆಯ ಬಗ್ಗೆ ಜೀನ್ ಗ್ರಾಸ್‌ಮನ್ ಮತ್ತು ಎಲ್ಹನಾನ್ ಹೆಲ್ಪ್‌ಮನ್ ಅವರು 1994ರಲ್ಲಿ ಕಟ್ಟಿದ ಮಾದರಿಯೊಂದಿದೆ. ಸರ್ಕಾರ ತಕ್ಕಡಿಯ ಒಂದು ತಟ್ಟೆಯಲ್ಲಿ ಸಂಘಟಿತರ ಕಾಣಿಕೆಯನ್ನೂ ಇನ್ನೊಂದರಲ್ಲಿ ಸಮಸ್ತ ಪ್ರಜೆಗಳ ಹಿತವನ್ನೂ ಇಟ್ಟು ತೂಗುತ್ತದೆಂದು ಅದು ಭಾವಿಸುತ್ತದೆ. ಗೋಲ್ಡ್‌ಬರ್ಗ್ ಮತ್ತು ಮಾಜಿ ಅವರು 1999ರಲ್ಲಿ ಅದನ್ನು ಅಮೆರಿಕದ 107 ಕೈಗಾರಿಕೆಗಳ 1983ರ ಅಂಕಿಅಂಶಗಳಿಗೆ ಹೊಂದಿಸಿ ನೋಡಿದರು. ಪ್ರಜಾಹಿತದ ತಟ್ಟೆಯ ತೂಕವೇ ಬಹಳ ಹೆಚ್ಚೆಂದು ಬಂತು. ಆದರೂ ಸಂಘಟಿತ ಕೈಗಾರಿಕೆಗೂ ಅಸಂಘಟಿತ ಕೈಗಾರಿಕೆಗೂ ದೊರೆತ ರಕ್ಷಣೆಯ ರೀತಿ ಬೇರೆಬೇರೆಯಾಗಿಯೇ ಇತ್ತು.

ಇಲ್ಲಿ ನಾವು ಒಂದು ಕಹಿಮಾತನ್ನೂ ಆಡಬೇಕು. ನಾವೂ ಒಂದು ಹಿತಾಸಕ್ತಿ ಗುಂಪೇ. ಸಣ್ಣ ಗುಂಪು ಬೇಗ ಸಂಘಟಿತವಾಗುತ್ತದೆ, ದೊಡ್ಡ ಗುಂಪು ಚದುರಿಹೋಗುತ್ತದೆ ಎಂದು ಮ್ಯಾಂಕರ್ ಓಲ್ಸನ್ ಅವರು 1965ರಲ್ಲೇ ವಾದಿಸಿದರು. ಕಾಫಿ ಕೊಯ್ಯುವ ಕೂಲಿಯಾಳು, ಅರ್ಧ ಎಕರೆ ತೋಟದವನು, ಪೇಟೆಯಲ್ಲಿ ಕಾಫಿಪುಡಿ ಕೊಳ್ಳುವವನು, ಇವರ ನಿಯೋಗ ಯಾವ ಮಂತ್ರಿಯ ಬಾಗಿಲಿಗೂ ಸುಲಭವಾಗಿ ಹೋಗುವುದಿಲ್ಲ. ನಮ್ಮ ಬೇಡಿಕೆ ಅವರ ಹಿತಕ್ಕೂ ಕೂಡಿಬರುತ್ತದೆಯೇ ಎಂದು ನಾವೇ ಕೇಳಿಕೊಳ್ಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ. ಸದಸ್ಯತ್ವದ ಮೇಲೆ ನಿಂತ ಗುಂಪಿಗೂ ಸಾಮಾನ್ಯರ ಇಷ್ಟಕ್ಕೂ ಇದ್ದ ಆ 0.12 ಎಂಬ ಸಣ್ಣ ಅಂಕೆಯೇ ಸಹಕಾರ ಸಂಘಗಳ ಮಾನ. ಅದನ್ನು ಹೆಚ್ಚಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಸದಸ್ಯರಿಗೆ ಸೂಚನೆಗಳು

ಈ ಪಾಠದಿಂದ ಸಂಘದ ಕೆಲಸಕ್ಕೆ ಒದಗುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು.

1. ಬೇಡಿಕೆಗಳಿಗೆಂದೇ ಒಂದು ರಿಜಿಸ್ಟರ್ ಇಡಬೇಕು. ಗೆದ್ದವುಗಳನ್ನಷ್ಟೇ ಅಲ್ಲ, ಸೋತವುಗಳನ್ನೂ, ನಿಯೋಗ ಹೋಗದೆ ಬಿಟ್ಟವುಗಳನ್ನೂ ಬರೆಯಬೇಕು. ಬೇಡಿಕೆಯ ದಿನಾಂಕ, ಆಗಿನ ಪೇಟೆ ಧಾರಣೆ, ಚುನಾವಣೆ ಹತ್ತಿರವಿತ್ತೆ, ಬೇರೆ ಯಾರು ಕೇಳಿದರು, ಯಾರು ವಿರೋಧಿಸಿದರು, ಫಲವೇನು - ಇಷ್ಟು ಕಲಮುಗಳು ಸಾಕು. ಸೋಲನ್ನು ಬರೆಯದ ರಿಜಿಸ್ಟರು ಕೊಳೆಯಿಂದ ಉದುರಿದ ಕಾಯನ್ನು ಎಣಿಸದ ಫಸಲಿನ ಲೆಕ್ಕದಂತೆ.

2. ಫಲವನ್ನು ಕನಿಷ್ಠ ನಾಲ್ಕು ವರ್ಷಗಳವರೆಗೆ ಕಾದು ಬರೆಯಬೇಕು. ಈ ವರ್ಷ ತಿರಸ್ಕೃತವಾದ ಮನವಿ ಮೂರನೆಯ ವರ್ಷ ಆದೇಶವಾಗಿ ಬಂದೀತು.

3. ಯಥಾಸ್ಥಿತಿಯ ಬಲವನ್ನು ಮರೆಯಬಾರದು. ಹೊಸದನ್ನು ಪಡೆಯುವುದಕ್ಕಿಂತ ಇದ್ದದ್ದನ್ನು ಉಳಿಸಿಕೊಳ್ಳುವುದು ಸುಲಭ. ಕೈಯಲ್ಲಿರುವ ಹಣವೂ ಸಮಯವೂ ಸ್ವಲ್ಪವಾದ್ದರಿಂದ, ಎದುರಾಳಿಯಿಲ್ಲದ, ತಾಂತ್ರಿಕವಾಗಿ ಸ್ಪಷ್ಟವಾದ ಬೇಡಿಕೆಗಳನ್ನು ಮೊದಲು ಆರಿಸಬೇಕು.

4. ಹನ್ನೊಂದನೆಯ ಸಂಘವಾಗಿ ಸಹಿ ಹಾಕುವುದಕ್ಕಿಂತ, ಯಾರೂ ಕೇಳದ ವಿಷಯದಲ್ಲಿ ಮೊದಲನೆಯ ಸಂಘವಾಗಿ ಕೇಳುವುದರಿಂದ ಹೆಚ್ಚು ಫಲವಿದೆ. ಲಾಗರಿದಮ್ಮಿನ ಪಾಠ ಇದು.

5. ಸದಸ್ಯರ ಹಣದಿಂದ ಯಾವ ಪಕ್ಷಕ್ಕೂ ಅಭ್ಯರ್ಥಿಗೂ ದೇಣಿಗೆ ಕೂಡದು. ಅಮೆರಿಕದ ಹಾಲಿನ ಸಹಕಾರಿಗೆ ನೂರು ಪೌಂಡಿಗೆ 27 ಸೆಂಟ್ ದೊರೆಯಿತು. ಮೂರು ವರ್ಷದ ಬಳಿಕ ನ್ಯಾಯಾಲಯದ ಕಟಕಟೆಯೂ ದೊರೆಯಿತು. ಆ 27 ಸೆಂಟನ್ನು ತಂದದ್ದು ಹಣವೇ ಎಂಬುದು ಇಂದಿಗೂ ತೀರ್ಮಾನವಾಗದೆ ಉಳಿದಿದೆ. ಕಳಂಕ ಮಾತ್ರ ಖಚಿತವಾಗಿ ಉಳಿಯಿತು.

ನಿಯೋಗದ ಖರ್ಚನ್ನು ನಿಲ್ಲಿಸಬೇಕೆಂದು ನಾವು ಹೇಳುವುದಿಲ್ಲ. ಬಾಗಿಲು ತೆರೆಯದವನ ಮಾತು ಕೇಳಿಸುವುದಿಲ್ಲವೆಂದು ಪ್ರಯೋಗವೇ ತೋರಿಸಿದೆ. ಮತ್ತು ದೇಣಿಗೆ ಕೊಡದ ಸಂಘಕ್ಕೆ ಬಾಗಿಲು ತೆರೆಯುವ ದಾರಿಯೆಂದರೆ ಸದಸ್ಯಬಲ ಮತ್ತು ಸರಿಯಾದ ಅಂಕಿಅಂಶ, ಇವೆರಡೇ. ಆದರೆ ಬಂದ ಆದೇಶಗಳೆಲ್ಲ ನಮ್ಮಿಂದಲೇ ಬಂದವೆಂದು ಹೇಳಿಕೊಳ್ಳುವುದನ್ನು ನಿಲ್ಲಿಸಬೇಕು. ಬೇಡಿಕೆಗಳ ರಿಜಿಸ್ಟರನ್ನು ಮುಂದಿನ ತಿಂಗಳಿನಿಂದ ಸಂಘದ ಕಚೇರಿಯಲ್ಲಿ ತೆರೆಯಲಾಗುವುದು. ಹಳೆಯ ಮನವಿಗಳ ಪ್ರತಿ, ಸರ್ಕಾರದ ಉತ್ತರದ ಪ್ರತಿ ಯಾವ ಸದಸ್ಯರಲ್ಲಿದ್ದರೂ ತಂದುಕೊಟ್ಟು ನಕಲು ಮಾಡಿಸಲು ಸಹಕರಿಸಬೇಕಾಗಿ ವಿನಂತಿ. ಸೋತ ಮನವಿಗಳು ಸಿಕ್ಕರೆ ಇನ್ನೂ ಒಳ್ಳೆಯದು.